ಹಲವು ನಾಯಿಗಳನ್ನು ಸಾಕುವ ಮನೆಗಳಲ್ಲಿ ರೋಗದ ಹತೋಟಿ

ತೋಟದ ಮನೆ, ಕಣ, ಕುರಿಹಟ್ಟಿ ಇವುಗಳ ಕಾವಲಿಗಾಗಿ ನಾಲ್ಕಾರು ನಾಯಿಗಳನ್ನು ಸಾಕುವ ಪದ್ಧತಿಯು ನಮ್ಮ ಭೂಮಾಲಿಕರಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ದನಕರುಗಳ ಆರೋಗ್ಯದಲ್ಲಿ ಎಚ್ಚರವುಳ್ಳ ಯಜಮಾನರು ಸಹ ನಾಯಿಗಳ ವಿಷಯದಲ್ಲಿ ಉದಾಸೀನರಾಗಿರುವರು. ಖಾಯಿಲೆಯಾದ ನಾಯಿಯು ಹುಲ್ಲು ತಿಂದು ತಾನೇ ವಾಸಿಮಾಡಿಕೊಳ್ಳುವುದೆಂಬ ನಂಬಿಕೆಯೇ ಇದಕ್ಕೆ ಕಾರಣವು. ಒಂದೇ ನಾಯಿಯಿರುವ ಮನೆಯಲ್ಲಿ ಇದರಿಂದಾಗುವ ನಷ್ಟವು ಒಂದು ನಾಯಿಯಷ್ಟೆ. ಐದಾರು ಇದ್ದಲ್ಲಿ ಹಾಗಲ್ಲ. ಅವು ಒಂದೇ ಮರಿಗೆಯಲ್ಲಿ ಅಂಬಲಿ ಕುಡಿದು, ಒಂದೇ ಗೋಣಿಯ ಮೇಲೆ ಮಲಗಿ, ಒಂದನ್ನೊಂದು ನೆಕ್ಕುವುವಾದುದರಿಂದ ಒಂದರ ರೋಗವು ಎಲ್ಲದರ ರೋಗವಾಗುವುದು.

ಮರಿಗಳನ್ನು ಅತಿಯಾಗಿ ಕೊಲ್ಲುವುದು ಪಾರ್ವೋ ಎಂಬ ವೈರಾಣುವಿನಿಂದ ಬರುವ ರಕ್ತಭೇದಿಯು. ಇದು ನಮ್ಮ ಹಿರಿಯರು ಕಂಡ ರೋಗವಲ್ಲ. 1978ರಲ್ಲಿ ಗುರುತಿಸಲ್ಪಟ್ಟು ಕೆಲವೇ ವರ್ಷಗಳಲ್ಲಿ ಪ್ರಪಂಚವನ್ನೆಲ್ಲಾ ವ್ಯಾಪಿಸಿತು. ನಮಗೆ ತಿಳಿದ ಒಂದು ಗ್ರಾಮದಲ್ಲಿ ಭೂಮಾಲಿಕರೊಬ್ಬರು ಸಂತೆಯಿಂದ ತಂದ ಮರಿಯೊಂದನ್ನು ಅದೇ ದಿನ ಮನೆಯ ಮರಿಗಳೊಡನೆ ಬಿಟ್ಟರು. ಮರುದಿನವೇ ಅದು ವಾಂತಿಮಾಡಿ, ದುರ್ಗಂಧವುಳ್ಳ ರಕ್ತಮಿಶ್ರಿತ ಭೇದಿಯಿಂದ ಸತ್ತಿತು. ಎರಡು ವಾರಗಳೊಳಗೆ ಮನೆಯ ನಾಲ್ಕು ಮರಿಗಳಲ್ಲಿ ಮೂರು ಅದೇ ದಾರಿ ಹಿಡಿದುವು. ದೃಷ್ಟಿ ತಗುಲಿತೆಂದು ತಾಯತ ಕಟ್ಟಿಸಿದ್ದೂ ಆಯಿತು. ಎರಡು ತಿಂಗಳು ಕಳೆದು ಬೇರೊಂದು ಮರಿಯನ್ನು ತಂದು ಅದೇ ಕೊಟ್ಟಿಗೆಯಲ್ಲಿ ಕಟ್ಟಲು, ಅದೂ ಉಳಿಯಲಿಲ್ಲ. ಈ ವೈರಾಣುವು ನೆಲದಲ್ಲಿ ಅನೇಕ ತಿಂಗಳು ಜೀವಂತವಾಗಿರುವುದೆಂಬುದೇ ಇದರ ಮರ್ಮವು.

ಆದಕಾರಣ ಹೊರಗಿನಿಂದ ತಂದ ನಾಯಿಯನ್ನು ಎರಡು ವಾರಗಳ ಕಾಲ ಬೇರೆ ಕಟ್ಟಿ, ಅದಕ್ಕೆ ಬೇರೆ ಪಾತ್ರೆಯನ್ನಿಡತಕ್ಕದ್ದು. ಆಳು ಮೊದಲು ಆರೋಗ್ಯವಾಗಿರುವ ನಾಯಿಗಳಿಗೆ ಉಣಿಸು ಹಾಕಿ, ಕಟ್ಟಕಡೆಗೆ ರೋಗದ ನಾಯಿಯ ಬಳಿಗೆ ಹೋಗಬೇಕು; ಬಳಿಕ ಸೋಪಿನಿಂದ ಕೈಕಾಲು ತೊಳೆಯಬೇಕು. ಕಲ್ಲು ಇಲ್ಲವೆ ಸಿಮೆಂಟಿನ ನೆಲವಾದರೆ ಮಲವನ್ನು ಪೂರ್ತಿಯಾಗಿ ತೊಳೆದ ಮೇಲೆ, ಒಂದು ಪಾಲು ಬ್ಲೀಚಿನ ದ್ರವಕ್ಕೆ ಮೂವತ್ತು ಪಾಲು ನೀರು ಬೆರಸಿ, ಹತ್ತು ನಿಮಿಷ ಹಸಿಯಾಗಿರುವಂತೆ ಬಳಿಯತಕ್ಕದ್ದು. ಫಿನೈಲನ್ನು ನಂಬಲಾಗದು. ಮಣ್ಣಿನ ನೆಲವನ್ನು ಹೀಗೆ ಶುದ್ಧಿಮಾಡುವುದು ಅಸಾಧ್ಯವಾದ್ದರಿಂದ, ಲಸಿಕೆಯು ಪೂರ್ತಿಯಾಗದ ಮರಿಯನ್ನು ಒಂದು ವರ್ಷ ಅಲ್ಲಿಗೆ ಬಿಡದಿರುವುದೇ ಮೇಲು. ಆರರಿಂದ ಎಂಟು ವಾರದ ಪ್ರಾಯದಲ್ಲಿ ಮೊದಲ ಲಸಿಕೆ, ಅನಂತರ ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೂ ಹಾಕಿಸತಕ್ಕದ್ದು. ಒಂದೇ ಸಲ ಹಾಕಿಸಿ ನಿಶ್ಚಿಂತರಾಗುವವರು ಬಹಳ ಮಂದಿ. ರೋಗ ಹತ್ತಿದ ಮರಿಗೆ ಮನೆಮದ್ದಿನಿಂದ ದಿನ ಕಳೆಯದೆ ಪಶುವೈದ್ಯರಲ್ಲಿಗೆ ಒಯ್ದು, ರಕ್ತನಾಳದ ಮೂಲಕ ನೀರಿನಂಶವನ್ನು ಕೊಡಿಸಿದರೆ ಬದುಕುವ ಸಂಭವವುಂಟು.

ಉಣ್ಣೆಗಳ ವಿಚಾರವಾಗಿ ಕೃಷಿ ಇಲಾಖೆಯವರಾದ ನಾವು ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನೀರಿಗೆ ಬೆರಸಿ ನಾಯಿಗಳ ಮೈಗೆ ಬಳಿಯುವವರುಂಟು. ಉಣ್ಣೆಗಳು ಸಾಯುವುದೇನೋ ನಿಜ. ಆದರೆ ನಾಯಿಯು ಆ ವಿಷವನ್ನು ಮೈಯಿಂದ ನೆಕ್ಕಿ, ಜೊಲ್ಲು ಸುರಿಸಿ, ನಡುಗಿ ಪ್ರಾಣಬಿಡುವುದೂ ಉಂಟು. ಇದು ಸರ್ವಥಾ ಕೂಡದು. ಹೆಣ್ಣು ಉಣ್ಣೆಯು ರಕ್ತ ಕುಡಿದ ಮೇಲೆ ನಾಯಿಯನ್ನು ಬಿಟ್ಟಿಳಿದು ಗೋಡೆಯ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದು. ಆದುದರಿಂದ ಒಂದು ನಾಯಿಗೆ ಈ ವಾರ, ಇನ್ನೊಂದಕ್ಕೆ ಮುಂದಿನ ವಾರ ಔಷಧಿ ಹಾಕಿದರೆ ಹಣ ವ್ಯರ್ಥವು. ವೈದ್ಯರು ಹೇಳಿದ ಔಷಧಿಯನ್ನು ಎಲ್ಲಕ್ಕೂ ಒಂದೇ ದಿನ ಹಾಕಿ, ಬಿರುಕುಗಳನ್ನು ಗಾರೆಯಿಂದ ಮುಚ್ಚಿಸಿ, ಹಳೆಯ ಗೋಣಿಗಳನ್ನು ಸುಡಿಸಬೇಕು. ಜ್ವರ, ಮೇವು ಬಿಡುವುದು, ಒಸಡು ಬಿಳುಪೇರುವುದು, ಮೂಗಿನಿಂದ ರಕ್ತ ಸೋರುವುದು ಇವು ಉಣ್ಣೆಜ್ವರದ ಲಕ್ಷಣಗಳು. ಒಂದರಲ್ಲಿ ಕಂಡರೆ ಉಳಿದವುಗಳನ್ನೂ ಪರೀಕ್ಷೆಮಾಡಿಸಬೇಕು.

ದುಂಡುಹುಳುಗಳು ತಾಯಿಯ ಗರ್ಭದಲ್ಲಿಯೂ, ಕೊಕ್ಕೆಹುಳುಗಳು ಮೊಲೆಹಾಲಿನಲ್ಲಿಯೂ ಮರಿಗೆ ಬರುವುವು. ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಹದಿನೈದು ದಿನಗಳಿಗೊಮ್ಮೆ, ತಾಯಿಗೂ ಸಹಿತವಾಗಿ, ಜಂತಿನ ಔಷಧಿ ಕೊಡಿಸತಕ್ಕದ್ದು. ಅಂಗಳದಲ್ಲಿ ಆಡುವ ಮಕ್ಕಳಿಗೂ ಈ ಹುಳುಗಳಿಂದ ಅಪಾಯವುಂಟು. ಕುರಿ ಕೊಯ್ದಾಗ ಹಸಿಯ ಈಲಿ, ಶ್ವಾಸಕೋಶಗಳನ್ನು ನಾಯಿಗಳಿಗೆ ಎಸೆಯಬಾರದು.

ಹುಚ್ಚುರೋಗದ ಲಸಿಕೆಯನ್ನು ಮೂರು ತಿಂಗಳ ಪ್ರಾಯದಲ್ಲಿ ಹಾಕಿಸಿ, ವರ್ಷ ವರ್ಷವೂ ಪುನಃ ಹಾಕಿಸಬೇಕು. ಐದರಲ್ಲಿ ನಾಲ್ಕಕ್ಕೆ ಹಾಕಿಸಿ, ಕಟ್ಟಿಗೆ ಸಿಕ್ಕದ ಐದನೆಯದನ್ನು ಬಿಡುವುದು ವಾಡಿಕೆ. ಊರು ತಿರುಗುವುದೂ ಅದೇ, ಕಚ್ಚಿಸಿಕೊಂಡು ಬರುವುದೂ ಅದೇ. ನಾಯಿ ಕಚ್ಚಿದ ಗಾಯವನ್ನು ಕೂಡಲೇ ಹದಿನೈದು ನಿಮಿಷ ಸೋಪು ಮತ್ತು ಹರಿಯುವ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು. ಸುಣ್ಣ, ಮೆಣಸಿನಪುಡಿಗಳನ್ನು ಹಚ್ಚಬಾರದು. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದುಗಳೆಂಬ ಹಿಂದಿನ ಭಯವು ಈಗ ನಿರಾಧಾರವು. ಇಂದು ತೋಳಿಗೆ ನಾಲ್ಕೈದು ಸಲ ಹಾಕುವರು. ಮನೆಯ ನಾಯಿಗಳಲ್ಲಿ ಒಂದಕ್ಕೆ ಹುಚ್ಚು ಹಿಡಿದಿದೆಯೆಂಬ ಸಂದೇಹ ಬಂದರೆ, ಅದರ ಬಳಿ ಯಾರೂ ಸುಳಿಯದಂತೆ ಬಾಗಿಲು ಹಾಕಿಸಿ, ಉಳಿದವುಗಳನ್ನೆಲ್ಲ ಬೇರೆ ಬೇರೆ ಕಟ್ಟಿಸಿ, ಅವುಗಳ ಲಸಿಕೆಯ ಚೀಟಿಗಳೊಡನೆ ಅಂದೇ ಪಶುವೈದ್ಯರಿಗೆ ತಿಳಿಸತಕ್ಕದ್ದು.