ಸಾಲಿಯ ರೊಕ್ಕ, ಸಾಲಿಯ ಲೆಕ್ಕ



ಮನೆಯ ಲೆಕ್ಕ ನಿಮಗೆ ಬಾಯಿಪಾಠ. ಜೋಳ ಎಷ್ಟು ಉಳಿದಿದೆ, ಎಣ್ಣೆ ಎಷ್ಟು ದಿನಕ್ಕೆ ಬರುತ್ತದೆ, ಸಂಘಕ್ಕೆ ಎಷ್ಟು ಕಟ್ಟಬೇಕು, ಎಲ್ಲ ನಿಮಗೆ ಗೊತ್ತು. ಬರೆದಿಡದಿದ್ದರೂ ಒಂದು ರೂಪಾಯಿ ತಪ್ಪುವುದಿಲ್ಲ.

ಆದರೆ ನಿಮ್ಮ ಮಕ್ಕಳು ಹೋಗುವ ಸಾಲಿಯ ಲೆಕ್ಕ ನಿಮಗೆ ಗೊತ್ತೇ? ಅಲ್ಲಿಗೆ ರೊಕ್ಕ ಎಲ್ಲಿಂದ ಬರುತ್ತದೆ? ಯಾರ ಪಗಾರ ಎಷ್ಟು? ಮಕ್ಕಳ ಪಾಲಿಗೆ ಉಳಿಯುವುದು ಎಷ್ಟು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಕಟ್ಟೆಯ ಮೇಲಿನ ಮಾತು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿ ಹೋದರೂ ಸಾಲಿಯ ಬಗ್ಗೆ ಇಂಥ ಮಾತು ಕಿವಿಗೆ ಬೀಳುತ್ತವೆ.

"ಹೆಡ್‌ಮಾಸ್ತರಿಗೆ ಪಗಾರ ಭಾಳ ಐತಿ. ಸಾಲಿ ಮಾಳಿಗಿ ಮಾತ್ರ ಸೋರತೈತಿ."

"ಪಗಾರ ಅವರ ದುಡಿಮಿದು. ಅದರಾಗ ಮಾಳಿಗಿ ರಿಪೇರಿ ಮಾಡಸು ಅಂದ್ರ ಹ್ಯಾಂಗ?"

"ಆಫೀಸಿನ್ಯಾಗ ಕುಂತ ಸಾಹೇಬರಿಗೆ ರೊಕ್ಕ ಐತಿ. ಬಿಸಿಯೂಟ ಮಾಡೋ ಅಕ್ಕಗ ಯಾಕಿಲ್ಲ?"

"ನಮಗ್ಯಾಕ ಬಿಡವಾ, ಗಂಡಸರು ನೋಡ್ಕೋತಾರ."

ಮೊದಲಿನ ಮೂರು ಮಾತಿನಲ್ಲಿ ಸ್ವಲ್ಪ ಸ್ವಲ್ಪ ನಿಜ ಇದೆ. ನಾಲ್ಕನೆಯ ಮಾತು ಮಾತ್ರ ಪೂರಾ ತಪ್ಪು. ಯಾಕೆ? ಒಂದೊಂದಾಗಿ ನೋಡೋಣ.

ಗಂಟು ಎರಡು

ಸರ್ಕಾರಿ ಸಾಲಿಯ ರೊಕ್ಕ ಒಂದೇ ಗಂಟಿನಲ್ಲಿ ಬರುವುದಿಲ್ಲ.

ಒಂದು ಪಗಾರದ ಗಂಟು. ಮಾಸ್ತರು, ಅಕ್ಕೋರು, ಹೆಡ್‌ಮಾಸ್ತರು, ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ, ಜಿಲ್ಲೆಯ ಉಪನಿರ್ದೇಶಕರು, ಇವರೆಲ್ಲರ ಪಗಾರ ರಾಜ್ಯ ಸರ್ಕಾರದ ಖಜಾನೆಯಿಂದ ಬರುತ್ತದೆ. ಅವರವರ ಬ್ಯಾಂಕ್ ಖಾತೆಗೆ ಹೋಗುತ್ತದೆ. ನಿಮ್ಮೂರ ಸಾಲಿಯ ರೊಕ್ಕದಿಂದ ಅದನ್ನು ಕೊಡುವುದಿಲ್ಲ.

ಇನ್ನೊಂದು ಸಾಲಿಯ ಖರ್ಚಿನ ಗಂಟು. ಸೀಮೆಸುಣ್ಣ, ಹಾಜರಿ ಪುಸ್ತಕ, ಕಸಬರಿಗೆ, ಸಣ್ಣಪುಟ್ಟ ರಿಪೇರಿ, ಪಾಠದ ಸಾಮಾನು, ಇವಕ್ಕೆಲ್ಲ ಶಾಲಾ ಅನುದಾನ ಬರುತ್ತದೆ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯ ನಿಯಮದ ಪ್ರಕಾರ ಈ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ಇದೆ. ವರ್ಷಕ್ಕೆ ಇಷ್ಟು:

30 ಮಕ್ಕಳವರೆಗೆ ಇದ್ದರೆ 10,000 ರೂಪಾಯಿ.
30ರಿಂದ 100 ಮಕ್ಕಳಿದ್ದರೆ 25,000 ರೂಪಾಯಿ.
100ರಿಂದ 250 ಮಕ್ಕಳಿದ್ದರೆ 50,000 ರೂಪಾಯಿ.
250ರಿಂದ 1,000 ಮಕ್ಕಳಿದ್ದರೆ 75,000 ರೂಪಾಯಿ.
ಅದಕ್ಕೂ ಹೆಚ್ಚಿದ್ದರೆ 1 ಲಕ್ಷ ರೂಪಾಯಿ.

ಇದರಲ್ಲಿ ಹತ್ತರಲ್ಲಿ ಒಂದು ಪಾಲನ್ನು ಸ್ವಚ್ಛತೆಗೆ ಖರ್ಚು ಮಾಡಬೇಕು.

ಈಗ ಒಂದು ಲೆಕ್ಕ ಮಾಡೋಣ. ಒಂದು ಸಾಲಿಯಲ್ಲಿ 120 ಮಕ್ಕಳಿದ್ದಾರೆ ಅನ್ನಿ. ಅನುದಾನ 50,000 ರೂಪಾಯಿ. ಒಂದು ಮಗುವಿನ ಪಾಲಿಗೆ ವರ್ಷಕ್ಕೆ ಸುಮಾರು 417 ರೂಪಾಯಿ. ದಿನಕ್ಕೆ ಒಂದು ರೂಪಾಯಿ ಚಿಲ್ಲರೆ. ಒಂದು ರೂಪಾಯಿಗೆ ಅಂಗಡಿಯಲ್ಲಿ ಏನು ಬರುತ್ತದೆ, ನಿಮಗೇ ಗೊತ್ತು.

ಅಂದರೆ ಸಾಲಿ ಮಾಳಿಗಿ ಸೋರುವುದು ಹೆಡ್‌ಮಾಸ್ತರ ಪಗಾರದಿಂದ ಅಲ್ಲ. ಖರ್ಚಿನ ಗಂಟೇ ಸಣ್ಣದು. ಮಾಳಿಗಿ ಕೆಲಸ, ಹೊಸ ಕೋಣೆ, ಇಂಥ ದೊಡ್ಡ ಕೆಲಸಕ್ಕೆ ಬೇರೆ ಕಡೆಯಿಂದ ರೊಕ್ಕ ತರಬೇಕು. ಅದನ್ನು ಮುಂದೆ ಹೇಳುತ್ತೇವೆ.

ಪಗಾರ ಬೇರೆ, ಗೌರವಧನ ಬೇರೆ

ಈಗ ಪಗಾರದ ಮಾತು. ಕೆ. ಸುಧಾಕರ ರಾವ್ ಅವರ ಏಳನೇ ವೇತನ ಆಯೋಗ ಹೇಳಿದಂತೆ ರಾಜ್ಯ ಸರ್ಕಾರ 2024ರ ಆಗಸ್ಟ್ 1ರಿಂದ ನೌಕರರ ಪಗಾರ ಏರಿಸಿತು. ಎಲ್ಲಕ್ಕಿಂತ ಕೆಳಗಿನ ನೌಕರರ ಮೂಲ ವೇತನ 17,000 ಇದ್ದದ್ದು 27,000 ರೂಪಾಯಿ ಆಯಿತು. ಮಾಸ್ತರು, ಹೆಡ್‌ಮಾಸ್ತರು, ಅಧಿಕಾರಿಗಳ ಪಗಾರ ಇದಕ್ಕಿಂತ ಹೆಚ್ಚು.

ಅದೇ ಸಾಲಿಯಲ್ಲಿ ಇನ್ನೂ ಕೆಲವರು ದುಡಿಯುತ್ತಾರೆ. ಅವರಿಗೆ ಸಿಗುವುದು ಪಗಾರ ಅಲ್ಲ, ಗೌರವಧನ. 2025ರ ಬಜೆಟ್ಟಿನಲ್ಲಿ ಹೆಚ್ಚಿಸಿದ ಮೇಲೆ ಪ್ರಾಥಮಿಕ ಸಾಲಿಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000 ರೂಪಾಯಿ. ಬಿಸಿಯೂಟದ ಮುಖ್ಯ ಅಡುಗೆಯವರಿಗೆ 4,700, ಸಹಾಯಕಿಯರಿಗೆ 4,600.

ತಿಂಗಳಿಗೆ 26 ದಿನ ಕೆಲಸ ಅಂತ ಹಿಡಿಯಿರಿ. ಸಹಾಯಕಿಗೆ ದಿನಕ್ಕೆ 177 ರೂಪಾಯಿ ಬೀಳುತ್ತದೆ. ಕಳೆ ತೆಗೆಯಲು ಹೋದರೂ ಇದಕ್ಕಿಂತ ಹೆಚ್ಚು ಸಿಗುತ್ತದೆ.

ಯಾಕೆ ಇಷ್ಟು ಕಡಿಮೆ? ಕಾರಣ ಆ 'ಗೌರವಧನ' ಎಂಬ ಪದದಲ್ಲಿಯೇ ಇದೆ. ಗೌರವಧನ ಅಂದರೆ ಸೇವೆಗೆ ಕೊಡುವ ಕಾಣಿಕೆ ಇದ್ದಂತೆ. ಅದಕ್ಕೆ ವೇತನ ಆಯೋಗ ಇಲ್ಲ. ವರ್ಷ ವರ್ಷ ಏರುವ ನಿಯಮ ಇಲ್ಲ. ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ, ವರ್ಷಕ್ಕೆ 10 ತಿಂಗಳು ಎಂದು ಕೇಂದ್ರ ಸರ್ಕಾರ ಗೊತ್ತು ಮಾಡಿದ್ದು 2009ರಲ್ಲಿ. ಅದರಲ್ಲೂ 600 ಕೇಂದ್ರದ್ದು, 400 ರಾಜ್ಯದ್ದು. 2025ರ ವರೆಗೂ ಆ ಮೊತ್ತ ಏರಲಿಲ್ಲ. ಮೇಲಿನದ್ದನ್ನೆಲ್ಲ ರಾಜ್ಯವೇ ಹಾಕುತ್ತಿದೆ. ಅದಕ್ಕಾಗಿ ಬಿಸಿಯೂಟದ ಅಕ್ಕಂದಿರು ಬೆಂಗಳೂರಿನ ಫ್ರೀಡಂ ಪಾರ್ಕಿನ ವರೆಗೂ ಹೋಗಿ ಧರಣಿ ಕೂತಿದ್ದಾರೆ.

ಹಾಗಾದರೆ ಹೆಡ್‌ಮಾಸ್ತರ ಪಗಾರ ಕಡಿಮೆ ಮಾಡಿ ಅಡುಗೆಯವರಿಗೆ ಕೊಡಬೇಕೇ? ಕೆಲವರು ಹಾಗೆ ಅನ್ನುತ್ತಾರೆ. ಆದರೆ ಒಬ್ಬರ ಗಂಗಾಳದ ರೊಟ್ಟಿ ಕಿತ್ತು ಇನ್ನೊಬ್ಬರಿಗೆ ಹಾಕಿದರೆ ಹಸಿವು ಹೋಗುವುದಿಲ್ಲ, ಜಗಳ ಬೆಳೆಯುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಹೆಡ್‌ಮಾಸ್ತರು ಪಾಠವನ್ನೂ ಮಾಡುತ್ತಾರೆ. ಅಕ್ಕಿ, ಬೇಳೆ, ಹಾಲು, ಮೊಟ್ಟೆಯ ಲೆಕ್ಕವನ್ನೂ ಬರೆಯುತ್ತಾರೆ. ಕಾಯಿದೆ ಪ್ರಕಾರ ಒಂದರಿಂದ ಐದನೆಯ ತರಗತಿವರೆಗಿನ ಸಾಲಿಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪ್ರತ್ಯೇಕ ಮುಖ್ಯ ಶಿಕ್ಷಕರು ಇರಬೇಕು. ಚಿಕ್ಕ ಸಾಲಿಗೆ ಆ ಅನುಕೂಲ ಇಲ್ಲ. ಆದ್ದರಿಂದ ನಾವು ಕೇಳಬೇಕಾದ್ದು ಇಷ್ಟು: ಪಗಾರ ತೆಗೆದುಕೊಳ್ಳುವವರು ಪೂರಾ ಕೆಲಸ ಮಾಡಲಿ. ಪೂರಾ ಕೆಲಸ ಮಾಡುವವರಿಗೆ ಪೂರಾ ಪಗಾರ ಸಿಗಲಿ.

ಕುಣಿಕೇರಿಯ ಹುಚ್ಚಮ್ಮ

ಕೊಪ್ಪಳ ತಾಲೂಕಿನಲ್ಲಿ ಕುಣಿಕೇರಿ ಅಂತ ಊರಿದೆ. ಅಲ್ಲಿನ ಹುಚ್ಚಮ್ಮ ಬಸಪ್ಪ ಚೌದ್ರಿ ಅವರ ಹೆಸರು ನೀವು ಕೇಳಿರಬಹುದು. ಅವರು ತಮ್ಮ ಎರಡು ಎಕರೆ ಹೊಲವನ್ನು ಊರ ಸರ್ಕಾರಿ ಸಾಲಿಗೆ ದಾನ ಕೊಟ್ಟರು. ಆಮೇಲೆ ಅದೇ ಸಾಲಿಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡಿ ಹಾಕಿದರು. 2023ರಲ್ಲಿ ಸರ್ಕಾರ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು.

ಹೊಲ ಕೊಟ್ಟ ತಾಯಿ ಅದೇ ಸಾಲಿಯ ಅಡುಗೆ ಮನೆಯಲ್ಲಿ ಸಣ್ಣ ಗೌರವಧನಕ್ಕೆ ದುಡಿದರು. ಇದನ್ನು ಓದಿದರೆ ಹೆಮ್ಮೆ ಆಗುತ್ತದೆ. ಜೊತೆಗೆ ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ.

ಊರ ಸಾಲಿಗೆ ಊರವರು ಕೊಡುವುದು ನಮ್ಮಲ್ಲಿ ಹೊಸದಲ್ಲ. ಕೊಡುವವರು ಮನಸಾರೆ ಕೊಡುತ್ತಾರೆ. ಅದು ದಾನ. ಆದರೆ ದಾನ ಸಿಗುತ್ತದೆ ಅಂತ ಸರ್ಕಾರ ತನ್ನ ಕೆಲಸ ಬಿಡಬಾರದು.

ನೂರು ರೂಪಾಯಿಯ ಸುತ್ತೋಲೆ

2022ರ ಅಕ್ಟೋಬರಿನಲ್ಲಿ ಇದೇ ವಿಷಯಕ್ಕೆ ದೊಡ್ಡ ಚರ್ಚೆ ಆಯಿತು. ಸರ್ಕಾರಿ ಸಾಲಿಯ ಮಕ್ಕಳ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂದು ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಸಾಲಿಯ ಸಮಿತಿಗಳು ಅದನ್ನು ಪಡೆದು ಸಾಲಿಯ ಖರ್ಚಿಗೆ ಬಳಸಬಹುದು, ಒತ್ತಾಯ ಇಲ್ಲ ಎಂದು ಹೇಳಿತು.

ಕೆಲವರು ಇದು ಒಳ್ಳೆಯದು ಅಂದರು. "ನಮ್ಮ ಸಾಲಿಗೆ ನಾವು ಕೊಟ್ಟರೆ ತಪ್ಪೇನು? ರೊಕ್ಕ ಕೊಟ್ಟವರು ಲೆಕ್ಕ ಕೇಳುತ್ತಾರೆ" ಎಂಬುದು ಅವರ ವಾದ.

ಬಹಳ ಜನ ವಿರೋಧಿಸಿದರು. "ಕಾಯಿದೆಯಲ್ಲಿ ಶಿಕ್ಷಣ ಉಚಿತ ಅಂತ ಇದೆ. ಇವತ್ತು ದೇಣಿಗೆ ಅಂತಾರೆ, ನಾಳೆ ಅದೇ ಫೀ ಆಗುತ್ತದೆ. ಕೊಡಲಾರದವರ ಮಕ್ಕಳು ತಲೆ ತಗ್ಗಿಸಿ ಕೂಡಬೇಕಾಗುತ್ತದೆ" ಎಂದರು.

ಇದನ್ನೂ ಲೆಕ್ಕ ಮಾಡಿ ನೋಡಿ. ತಿಂಗಳಿಗೆ 100 ಅಂದರೆ ವರ್ಷಕ್ಕೆ 1,200 ರೂಪಾಯಿ. ಆ ವರ್ಷ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 309 ರೂಪಾಯಿ ಇತ್ತು. ಅಂದರೆ ಸುಮಾರು ನಾಲ್ಕು ದಿನದ ಕೂಲಿ. ಕುಷ್ಟಗಿ, ಯಲಬುರ್ಗಾದ ಕಡೆ ಮಳೆ ಹೋದರೆ ಗುಳೆ ಹೋಗುವ ಮನೆಗಳಿಗೆ ನಾಲ್ಕು ದಿನದ ಕೂಲಿ ಸಣ್ಣ ಮಾತಲ್ಲ.

ಒಂದು ಸಾಲಿಗೆ 100 ಮನೆಗಳು ಹೀಗೆ ಕೊಟ್ಟರೆ ವರ್ಷಕ್ಕೆ 1,20,000 ರೂಪಾಯಿ ಆಗುತ್ತದೆ. 120 ಮಕ್ಕಳ ಸಾಲಿಗೆ ಸರ್ಕಾರದ ಅನುದಾನ 50,000. ಸರ್ಕಾರ ಕೊಡುವುದಕ್ಕಿಂತ ಎರಡು ಪಟ್ಟು ಹೆಚ್ಚು ರೊಕ್ಕ ಕೂಲಿ ಮಾಡುವವರು ಕೊಟ್ಟಂತೆ ಆಗುತ್ತಿತ್ತು!

ಕೆಲವೇ ದಿನಗಳಲ್ಲಿ ಸರ್ಕಾರ ಸುತ್ತೋಲೆಯನ್ನು ವಾಪಸು ತೆಗೆದುಕೊಂಡಿತು. ಜನ ಓದಿದರು, ತಿಳಿದರು, ಮಾತಾಡಿದರು. ಅದಕ್ಕೇ ವಾಪಸು ಹೋಯಿತು.

ನಮ್ಮ ಭಾಗಕ್ಕೆ ವಿಶೇಷ ಹಕ್ಕು

ದೊಡ್ಡ ಕೆಲಸಕ್ಕೆ ರೊಕ್ಕ ಎಲ್ಲಿಂದ ತರಬೇಕು ಅಂತ ಮೊದಲು ಕೇಳಿದ್ದೆವು. ನಮ್ಮ ಜಿಲ್ಲೆಗೆ ಅದಕ್ಕೊಂದು ದಾರಿ ಇದೆ.

ನಮ್ಮ ಭಾಗ 1948ರ ಸೆಪ್ಟೆಂಬರ್ 17ರ ವರೆಗೆ ಹೈದರಾಬಾದ್ ನಿಜಾಮರ ರಾಜ್ಯದಲ್ಲಿ ಇತ್ತು. ಸಾಲಿಗಳು ಕಡಿಮೆ. ಕನ್ನಡ ಸಾಲಿಗಳು ಇನ್ನೂ ಕಡಿಮೆ. ಆಗ ಹಿಂದೆ ಬಿದ್ದವರು ಬಹಳ ಕಾಲ ಹಿಂದೆಯೇ ಉಳಿದೆವು. 2011ರ ಜನಗಣತಿಯಲ್ಲಿ ಕೂಡ ಕೊಪ್ಪಳ ಜಿಲ್ಲೆಯ ನೂರು ಹೆಣ್ಣುಮಕ್ಕಳಲ್ಲಿ ಓದು ಬಂದವರು ಸುಮಾರು 58 ಮಂದಿ ಮಾತ್ರ.

ಈ ಅನ್ಯಾಯ ಸರಿಪಡಿಸಲು ಸಂವಿಧಾನಕ್ಕೆ 371 ಜೆ ಎಂಬ ವಿಧಿ ಸೇರಿಸಿದರು. 2013ರಲ್ಲಿ ಅದು ಜಾರಿಗೆ ಬಂತು. ಅದರಿಂದ ನಮ್ಮ ಭಾಗಕ್ಕೆ ಒಂದು ಮಂಡಳಿ ಬಂತು. ಅದರ ಈಗಿನ ಹೆಸರು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಅದರ ಕಚೇರಿ ಕಲಬುರಗಿಯಲ್ಲಿದೆ. ಸಾಲಿಯ ಕೋಣೆ, ಶೌಚಾಲಯ ಮುಂತಾದ ಕೆಲಸಕ್ಕೆ ಈ ಮಂಡಳಿಯಿಂದ ರೊಕ್ಕ ಬರುತ್ತದೆ. ಆದರೆ ಬೇಕು ಅಂತ ಊರಿಂದ ಅರ್ಜಿ ಹೋಗಬೇಕು. ಅಳದ ಕೂಸಿಗೆ ಹಾಲಿಲ್ಲ.

ಇನ್ನೊಂದು ಮಾತು. ಸರ್ಕಾರಿ ಸಾಲಿಗಳಿಗೆ ಕರೆಂಟು, ನೀರು ಉಚಿತ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು 2023ರ ನವೆಂಬರ್ 1ರಂದು ಘೋಷಿಸಿದರು. ಕರೆಂಟ್ ಬಿಲ್ಲಿಗೆ ಅಂತ ಯಾರಾದರೂ ನಿಮ್ಮ ಹತ್ತಿರ ರೊಕ್ಕ ಕೇಳಿದರೆ ಈ ಮಾತು ನೆನಪಿರಲಿ.

ಲೆಕ್ಕ ಕೇಳುವವರು ಯಾರು?

ನೀವೇ!

ಪ್ರತಿ ಸರ್ಕಾರಿ ಸಾಲಿಗೂ ಒಂದು ಸಮಿತಿ ಇರುತ್ತದೆ. ಅದರ ಹೆಸರು ಶಾಲಾ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ. ಎಲ್ಲರೂ ಎಸ್‌ಡಿಎಂಸಿ ಅನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಇದು ಶುರುವಾದದ್ದು 2001ರಲ್ಲಿ. ಆಮೇಲೆ 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂತು. ಸಾಲಿಯ ಸಮಿತಿಯಲ್ಲಿ ನಾಲ್ವರಲ್ಲಿ ಮೂವರು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಎಂದು ಅದು ಹೇಳುತ್ತದೆ.

ಸಮಿತಿಯ ಕೆಲಸ ಮೂರು. ಸಾಲಿ ಸರಿಯಾಗಿ ನಡೆಯುತ್ತದೆಯೇ ನೋಡುವುದು. ಸಾಲಿಗೆ ಏನೇನು ಬೇಕು ಅಂತ ಯೋಜನೆ ಬರೆಯುವುದು. ಬಂದ ರೊಕ್ಕ ಹೇಗೆ ಖರ್ಚಾಯಿತು ಎಂದು ನೋಡುವುದು.

ಎಷ್ಟೋ ಕಡೆ ಹೆಂಗಸರ ಹೆಸರು ಸಮಿತಿಯಲ್ಲಿ ಇರುತ್ತದೆ. ಸಭೆಗೆ ಹೋಗುವವರು ಗಂಡ, ಇಲ್ಲವೇ ಮೈದುನ. ಪುಸ್ತಕ ಮನೆಗೆ ಬರುತ್ತದೆ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತದೆ. ಅಕ್ಕಾ, ಈಗ ನಿಮಗೆ ಓದು ಬರುತ್ತದೆ. ಓದದೆ ಸಹಿ ಮಾಡಬೇಡಿ. ಸಹಿ ನಿಮ್ಮದಾದರೆ ಜವಾಬ್ದಾರಿಯೂ ನಿಮ್ಮದೇ.

ಹೀಗೆ ಮಾಡಿ

ಸಭೆಗೆ ನೀವೇ ಹೋಗಿ. ಒಬ್ಬರೇ ಹೋಗಲು ಹಿಂಜರಿಕೆ ಆದರೆ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ.

"ಗುರುಗಳೇ, ಈ ವರ್ಷ ಅನುದಾನ ಎಷ್ಟು ಬಂತ್ರಿ? ಯಾವುದಕ್ಕೆ ಖರ್ಚಾತ್ರಿ? ಬಿಲ್ ತೋರಸ್ರಿ" ಎಂದು ಕೇಳಿ. ಮರ್ಯಾದೆಯಿಂದ ಕೇಳಿ. ಲೆಕ್ಕ ಕೇಳುವುದು ಜಗಳ ಅಲ್ಲ. ಲೆಕ್ಕ ಸರಿ ಇಟ್ಟ ಹೆಡ್‌ಮಾಸ್ತರಿಗೆ ನಿಮ್ಮಿಂದ ಬಲ ಬರುತ್ತದೆ.

ಸಾಲಿಗೆ ಏನು ಬೇಕೋ ಅದನ್ನು ಸಮಿತಿಯ ಠರಾವಿನಲ್ಲಿ ಬರೆಸಿ. ಗ್ರಾಮ ಪಂಚಾಯತಿಗೆ ಒಂದು ಪ್ರತಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಒಂದು ಪ್ರತಿ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ.

ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆಯಿರಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು.

ಸಾಲಿಯ ರೊಕ್ಕ ಯಾರೋ ಕೊಟ್ಟ ಭಿಕ್ಷೆ ಅಲ್ಲ. ಸಾಬೂನು, ಬೆಂಕಿಪೆಟ್ಟಿಗೆ ಕೊಳ್ಳುವಾಗ ನೀವು ಕಟ್ಟಿದ ತೆರಿಗೆಯೂ ಅದರಲ್ಲಿದೆ. ಮನೆಯ ಲೆಕ್ಕ ಇಟ್ಟವರಿಗೆ ಸಾಲಿಯ ಲೆಕ್ಕ ಕಷ್ಟವಲ್ಲ.

ಓದಿ, ಮಾತಾಡಿ

1. ನಿಮ್ಮೂರ ಸಾಲಿಯಲ್ಲಿ ಎಷ್ಟು ಮಕ್ಕಳಿದ್ದಾರೆ? ಆ ಲೆಕ್ಕದಲ್ಲಿ ಎಷ್ಟು ಅನುದಾನ ಬರಬೇಕು?
2. ಸಮಿತಿಯಲ್ಲಿ ಎಷ್ಟು ಹೆಂಗಸರಿದ್ದಾರೆ? ಸಭೆಗೆ ಎಷ್ಟು ಮಂದಿ ಹೋಗುತ್ತಾರೆ?
3. ನಿಮ್ಮೂರಲ್ಲಿ ಬಿಸಿಯೂಟ ಮಾಡುವ ಅಕ್ಕನಿಗೆ ಗೌರವಧನ ತಿಂಗಳು ತಿಂಗಳು ಬರುತ್ತದೆಯೇ? ಕೇಳಿ ತಿಳಿಯಿರಿ.
4. ದಾನಕ್ಕೂ ವಸೂಲಿಗೂ ಏನು ವ್ಯತ್ಯಾಸ?