ಕಾಪಿಟ್ಟ ನೀರೂ ಕಾವಲಿನ ಆಳೂ

ಕೆರೆಯಾಗಲಿ ಕಡಲಾಗಲಿ, ಸಂರಕ್ಷಿತವೆಂದು ಹುಕುಂ ಹೊರಡಿಸಿದ ಮಾತ್ರಕ್ಕೆ ಅದು ಸಂರಕ್ಷಿತವಾಗುವುದಿಲ್ಲವೆಂಬುದನ್ನು ಉರಿಗಾಂ, ಬಂಗಾರಪೇಟೆ, ಬೇತಮಂಗಲ ಸೀಮೆಯ ಗ್ರಾಮಮುಖ್ಯಸ್ಥರಿಗೂ ಜಮೀನುದಾರರಿಗೂ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಕಾಪಿಟ್ಟ ನೀರಿನ ಆಡಳಿತವು ಹೇಗೆ ನಡೆಯುತ್ತಿದೆಯೆಂಬುದನ್ನು ಅಳೆಯುವ ಕ್ರಮವೊಂದು ಈಗ ಬಳಕೆಯಲ್ಲಿರುವುದರಿಂದ ಅದನ್ನು ಅರಿತಿರುವುದು ಪ್ರಯೋಜನಕರವಾದುದು.

ಈ ಕ್ರಮವು ಬೆಳೆದುದು ಅಭಯಾರಣ್ಯಗಳಿಗಾಗಿಯೂ, ಮೀನು ಹಿಡಿಯುವುದನ್ನು ನಿಷೇಧಿಸಿದ ಇಲ್ಲವೆ ಮಿತಗೊಳಿಸಿದ ಕಡಲಭಾಗಗಳಿಗಾಗಿಯೂ. ನಮ್ಮ ರಾಜ್ಯದಲ್ಲಿಯೂ ಹೊನ್ನಾವರದ ಬಳಿ ಅಪ್ಸರಕೊಂಡ-ಮುಗಳಿ ಎಂಬ ಅಂಥ ಕಡಲಭಾಗವುಂಟು. ಭಾರತದಲ್ಲಿ 2006ರಿಂದ ನಡೆದುಬಂದಿರುವ ಈ ಪರೀಕ್ಷೆಯಲ್ಲಿ ಸ್ಥಳದ ಸ್ಥಿತಿ, ಯೋಜನೆ, ಒದಗಿಸಿದ ಹಣ ಮತ್ತು ಸಿಬ್ಬಂದಿ, ಕೆಲಸದ ರೀತಿ, ಆದ ಕೆಲಸ, ಅದರ ಫಲ ಎಂಬ ಆರು ಬಾಬುಗಳಿಗೆ ಅಂಕಗಳನ್ನಿಡುವರು. ನೂರಕ್ಕೆ 75 ಮತ್ತು ಮೇಲ್ಪಟ್ಟು ಬಂದುದು ಅತ್ಯುತ್ತಮ, 60ರಿಂದ ಉತ್ತಮ, 40ರಿಂದ ಸಾಧಾರಣ, ಅದಕ್ಕೂ ಕೆಳಗಿನದು ಕಳಪೆ.

ಈ ಒಟ್ಟು ಲೆಕ್ಕದಲ್ಲಿ ಒಂದು ಮೋಸವುಂಟು. ನಕ್ಷೆ, ಯೋಜನೆ, ಕಾಗದಪತ್ರಗಳು ಸೊಗಸಾಗಿದ್ದರೆ, ಕಾವಲಿನವನಿಲ್ಲದಿದ್ದರೂ ಅಂಕವು ಚೆನ್ನಾಗಿಯೇ ಬಂದೀತು. 2017ರಲ್ಲಿ ನೇಚರ್ ಎಂಬ ವಿಜ್ಞಾನಪತ್ರಿಕೆಯಲ್ಲಿ ಲೋಕದ ಹಲವೆಡೆಯ 218 ಸಂರಕ್ಷಿತ ಕಡಲಭಾಗಗಳ ಮೀನಿನ ವಿವರವನ್ನು ಪರಿಶೀಲಿಸಿದ ವರದಿಯೊಂದು ಪ್ರಕಟವಾಯಿತು. ನೂರಕ್ಕೆ 71ರಲ್ಲಿ ಮೀನಿಗೆ ಒಳಿತಾಗಿದ್ದಿತು. ಆದರೆ ಆ ಒಳಿತು ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿದ್ದಿತು. ಸಿಬ್ಬಂದಿಯ ಬಲ ಸಾಕಷ್ಟಿದ್ದಲ್ಲಿ ಫಲವು, ಸಾಲದಿದ್ದ ಕಡೆಗಿಂತ 2.9 ಪಟ್ಟು ಕಂಡುಬಂದಿತು. ಫಲವನ್ನು ಮುಂಗಾಣಲು ಆಳು ಮತ್ತು ಹಣಕ್ಕಿಂತ ಬಲವಾದ ಗುರುತು ಮತ್ತೊಂದಿರಲಿಲ್ಲ.

ಕೋಲಾರ ಸೀಮೆಗೆ ಕಡಲಿಲ್ಲ, ಕೆರೆಗಳುಂಟು. ಉರಿಗಾಂ ಮೊದಲಾದ ಗಣಿಯೂರುಗಳು ನೀರು ಕುಡಿದುದೂ ಪಾಲಾರಿನ ಬೇತಮಂಗಲದ ಕೆರೆಯಿಂದಲೇ. ಹಿಂದೆ ಕೆರೆಗೆ ನೀರುಗಂಟಿಯೆಂಬ ಕಾವಲುಗಾರನಿದ್ದನು. ತೂಬು ಎತ್ತುವುದು, ಅಚ್ಚುಕಟ್ಟಿನ ಕೊನೆಯ ಗದ್ದೆಗೂ ಸರದಿಯಂತೆ ನೀರು ಹಾಯಿಸುವುದು, ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ನಡೆದು ನೋಡುವುದು ಅವನ ಕೆಲಸ. ಇನಾಂ ಭೂಮಿಯೂ ಕಣದ ಧಾನ್ಯವೂ ಅವನ ಸಂಬಳ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಿದ 1961ರ ಕಾನೂನು 1963ರಲ್ಲಿ ಜಾರಿಗೆ ಬಂದಾಗ ಈ ಹುದ್ದೆಯೂ ಹೋಯಿತು. ಜಾತಿಕಟ್ಟಿನ ಬಿಟ್ಟಿಚಾಕರಿ ತೊಲಗಿದುದು ನ್ಯಾಯವೇ ಸರಿ. ಆದರೆ ಎಷ್ಟೋ ಊರುಗಳಲ್ಲಿ ಆ ಜಾಗಕ್ಕೆ ಸಂಬಳದ ಆಳು ಬರಲಿಲ್ಲ.

ಆದಕಾರಣ ತಮ್ಮ ಕೆರೆಯನ್ನು ಪರೀಕ್ಷಿಸುವವರು ಹೂಳಿನ ಅಳತೆಯಿಂದ ಆರಂಭಿಸದೆ, ತೂಬಿನ ಬೀಗದ ಕೈ ಯಾರಲ್ಲಿದೆಯೆಂದು ಮೊದಲು ಕೇಳತಕ್ಕದ್ದು. ನಾಲ್ವರು ನಾಲ್ಕು ಹೆಸರು ಹೇಳಿದರೆ ಆ ಬಾಬಿಗೆ ಸೊನ್ನೆ. ಅವನಿಗೆ ಸಂಬಳ ಕೊಡುವವರು ಯಾರು, ಕಳೆದ ಮಳೆಗಾಲದಲ್ಲಿ ಏರಿಯನ್ನು ಅವನು ಎಷ್ಟು ಸಲ ನಡೆದನು ಎಂಬುದು ಎರಡನೆಯ ಪ್ರಶ್ನೆ. ಉತ್ತರವು ಏರಿಯ ಮೇಲೆಯೇ ಬರೆದಿರುವುದು: ಜಾಲಿಗಿಡಗಳು ಬೇರೂರಿ, ಇಲಿ ಏಡಿಗಳು ಬಿಲ ತೋಡಿ, ಕೋಡಿಯ ಬಾಯಿ ಮುಳ್ಳಿನಿಂದ ಮುಚ್ಚಿದ್ದರೆ ಅಲ್ಲಿ ಯಾರೂ ನಡೆದಿಲ್ಲವೆಂದು ತಿಳಿಯಬೇಕು. ಅಂಗೈಯಗಲದ ಬಿಲವನ್ನು ಒಬ್ಬನು ಒಂದು ಬುಟ್ಟಿ ಮಣ್ಣಿನಿಂದ ಮುಚ್ಚಬಲ್ಲನು. ಕಾಣದೆ ಹೋದರೆ ಅದೇ ಬಿಲದಿಂದ ಕೆರೆಯೊಡೆದು ಅಚ್ಚುಕಟ್ಟೆಲ್ಲ ಮರಳಾದೀತು.

ಮೀನಿನ ಗುತ್ತಿಗೆಯಿರುವ ಕೆರೆಗಳಲ್ಲಿ ಮತ್ತೊಂದು ತೊಡಕುಂಟು. ಗುತ್ತಿಗೆದಾರನಿಗೆ ನೀರು ನಿಲ್ಲಬೇಕು, ಗದ್ದೆಯವನಿಗೆ ಹರಿಯಬೇಕು. ನಡುವೆ ನಿಂತು ಅಳತೆ ಹೇಳುವವನಿಲ್ಲದಿದ್ದರೆ ರಾತ್ರೋರಾತ್ರಿ ತೂಬೊಡೆಯುವುದೂ ಆಮೇಲೆ ಠಾಣೆಗೆ ಹೋಗುವುದೂ ತಪ್ಪದು. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಹರಿದುಬರುವ ಕೆರೆಗಳಲ್ಲಿ ಈ ಕಾವಲು ಇನ್ನೂ ಅಗತ್ಯವಾದುದು. ಏಕೆಂದರೆ ವರ್ಷದ ಬಹುಕಾಲ ನೀರು ನಿಲ್ಲುವ ಏರಿಗೆ ಒಣಗಲು ಬಿಡುವಿಲ್ಲ.

ಈ ಸೀಮೆಯ ಕೆರೆಗಳು ಬಹುಮಟ್ಟಿಗೆ ತುಂಬುವುದು ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ. ಭಾದ್ರಪದಕ್ಕೆ ಮೊದಲೇ ಅಚ್ಚುಕಟ್ಟಿನ ರೈತರು ಸಭೆ ಸೇರಿ, ಎಕರೆಗೆ ಇಷ್ಟೆಂದು ಹಣ ಕೂಡಿಸಿ, ಜಾತಿ ನೋಡದೆ ಒಬ್ಬ ಆಳನ್ನು ಗೊತ್ತುಮಾಡಿ, ಅವನ ಹೆಸರು, ಸಂಬಳ ಮತ್ತು ಏರಿ ನಡೆಯುವ ದಿನಗಳನ್ನು ಪಂಚಾಯತಿ ಪುಸ್ತಕದಲ್ಲಿ ಬರೆಯಿಸಿ ಬೀಗದ ಕೈಯನ್ನು ಅವನ ವಶಕ್ಕೆ ಕೊಡತಕ್ಕದ್ದು.