ಅನಿಲ ಕೊಳವೆಯೂ ಯೂರಿಯಾ ಚೀಲವೂ

ಕೊಡಗಿನ ಬೆಳೆಗಾರರಿಗೂ ನೈಸರ್ಗಿಕ ಅನಿಲಕ್ಕೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಸಂಬಂಧ ನಾವು ತೋಟಕ್ಕೆ ಹಾಕುವ ಯೂರಿಯಾದಲ್ಲಿದೆ. ಮಂಗಳೂರಿನ ಪಣಂಬೂರು ಗೊಬ್ಬರ ಕಾರ್ಖಾನೆ ಹಿಂದೆ ನಾಫ್ತಾದಿಂದ ಯೂರಿಯಾ ತಯಾರಿಸುತ್ತಿತ್ತು. ಕೊಚ್ಚಿಯಿಂದ ಸುಮಾರು 450 ಕಿಲೋಮೀಟರ್ ಉದ್ದದ ಕೊಳವೆ ಬಂದ ಮೇಲೆ ಅನಿಲಕ್ಕೆ ತಿರುಗಿತು. ಈ ಮಾರ್ಗದ ಉದ್ಘಾಟನೆಯಾದದ್ದು 2021ರ ಜನವರಿ 5ರಂದು.

ಕೊಳವೆ ಎರಡು ರಾಜ್ಯಗಳಲ್ಲಿ ಹಾದಿದೆ. ಗಡಿಯ ಆಚೆಗೊಂದು, ಈಚೆಗೊಂದು ಸಾಗಣೆ ನಿಯಮವಿದ್ದರೆ ವ್ಯಾಪಾರ ಸಾಗದು. ಆದ್ದರಿಂದ 2006ರ ಕಾಯಿದೆಯಂತೆ ರಚಿತವಾದ ಕೇಂದ್ರದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯೇ ಸಾಗಣೆ ದರ ಗೊತ್ತುಪಡಿಸುತ್ತದೆ. ತೆರಿಗೆ ಮಾತ್ರ ಒಂದಾಗಿಲ್ಲ, ಅನಿಲ ಜಿ.ಎಸ್.ಟಿ.ಯ ಹೊರಗಿದ್ದು, ಆಯಾ ರಾಜ್ಯದ ವ್ಯಾಟ್ ಬೀಳುತ್ತದೆ.

ಅನಿಲದ ಬೆಲೆ ಏರಿದರೂ ಚೀಲದ ಬೆಲೆ ತಾನಾಗಿ ಏರದು. ಅದನ್ನು ಸರ್ಕಾರ ನಿಗದಿಪಡಿಸುತ್ತದೆ. ಹೆಚ್ಚಿನ ಹೊರೆ ಸಬ್ಸಿಡಿಯ ಮೇಲೆ ಬೀಳುತ್ತದೆ.

ಘಟ್ಟದ ಕೆಳಗೂ ಅಡಿಕೆ ತೋಟವುಳ್ಳ ಸದಸ್ಯರು ಇನ್ನೊಂದು ವಿಷಯ ಗಮನಿಸಬೇಕು. 1962ರ ಕಾಯಿದೆಯಂತೆ ಕೊಳವೆ ಹಾದ ಪಟ್ಟಿಯ ಒಡೆತನ ನಮ್ಮದೇ. ಆದರೆ ಅಲ್ಲಿ ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ. ಆ ಹಕ್ಕಿಗೆ ಸಿಗುವುದು ಜಮೀನಿನ ಮಾರುಕಟ್ಟೆ ಬೆಲೆಯ ಶೇಕಡಾ 10. ಬೆಳೆ, ಮರಗಳ ನಷ್ಟಕ್ಕೆ ಪರಿಹಾರ ಬೇರೆ. ಅಧಿಸೂಚನೆಯಾದ 21 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಆದುದರಿಂದ ಪಹಣಿ, ನಕ್ಷೆ, ಮರಗಳ ಲೆಕ್ಕ ಈಗಲೇ ಸರಿಯಾಗಿರಲಿ.